ಲಸಿಕೆ ಫ್ರಿಜ್ ನೋಡಿಕೊಳ್ಳುವವರಿಗೆ: ಆರ್ಡರ್‌ನಿಂದ ಚುಚ್ಚುವವರೆಗೆ

ಕ್ಲಿನಿಕ್‌ನಲ್ಲಿ ಲಸಿಕೆ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಮೊದಲು ಕೇಳುವುದು, "ಕರೆಂಟ್ ಹೋದ್ರೆ ಏನು ಮಾಡೋದು ಸಿಸ್ಟರ್?" ಎಂದು. ಕೇಳಬೇಕಾದ ಮಾತೇ. ಆದರೆ ನಾವೆಲ್ಲ ಬಿಸಿಗೆ ಹೆದರುವಷ್ಟು ಚಳಿಗೆ ಹೆದರುವುದಿಲ್ಲ. ಫ್ರಿಜ್ ಜಾಸ್ತಿ ತಣ್ಣಗಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಳ್ಳುತ್ತೇವೆ. ಬಹಳಷ್ಟು ಲಸಿಕೆಗಳ ಮಟ್ಟಿಗೆ ಅದು ಪೂರ್ತಿ ತಪ್ಪು.

ಹೆಪಟೈಟಿಸ್ ಬಿ, ಡಿಪಿಟಿ, ಪೆಂಟಾವೇಲೆಂಟ್, ಟಿಡಿ, ನ್ಯುಮೋಕಾಕಲ್, ಎಚ್‌ಪಿವಿ, ಐಪಿವಿ (ಚುಚ್ಚುವ ಪೋಲಿಯೊ ಲಸಿಕೆ) ಇವು ಯಾವುವೂ ಹೆಪ್ಪುಗಟ್ಟಬಾರದು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಹೆಪ್ಪುಗಟ್ಟಿದಾಗ ಅದರ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒಡೆದ ಹಾಲು ಮತ್ತೆ ಹಾಲಾಗುವುದಿಲ್ಲವಲ್ಲ, ಇದೂ ಹಾಗೆಯೇ. ಹೆಪಟೈಟಿಸ್ ಬಿ ಅಂತೂ ಮೈನಸ್ ಅರ್ಧ ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಕರಗಿದ ಮೇಲೆ ವೈಯಲ್ (ಲಸಿಕೆಯ ಪುಟ್ಟ ಸೀಸೆ) ನೋಡಲು ಚೆನ್ನಾಗಿಯೇ ಇರಬಹುದು. ಅದನ್ನೇ ಚುಚ್ಚುತ್ತೇವೆ. ಮಗು ಅಳುತ್ತದೆ, ತಾಯಿ ಕಾರ್ಡ್ ಜೋಪಾನವಾಗಿ ಎತ್ತಿಡುತ್ತಾಳೆ, ಆದರೆ ಸಿಗಬೇಕಾದ ರಕ್ಷಣೆ ಸಿಕ್ಕಿರುವುದಿಲ್ಲ. ಇದು ಯಾರಿಗೂ ಗೊತ್ತೂ ಆಗುವುದಿಲ್ಲ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಭಯ ಇರುವುದು ಇದರ ಬಗ್ಗೆಯೇ.

ಎಷ್ಟು ತರಿಸಬೇಕು

ಅಂದಾಜಿನಲ್ಲಿ ಆರ್ಡರ್ ಮಾಡಬೇಡಿ. ಒಂದು ತಿಂಗಳಿಗೆ 40 ಮಕ್ಕಳಿಗೆ ಒಂದೊಂದು ಡೋಸ್ ಬೇಕು ಎಂದಿಟ್ಟುಕೊಳ್ಳಿ. ವೈಯಲ್ 10 ಡೋಸ್‌ನದು. ತೆರೆದ ಡೋಸ್‌ಗಳಲ್ಲಿ ಅರ್ಧದಷ್ಟು ವ್ಯರ್ಥವಾಗುತ್ತಿದೆ ಎಂದು ನಿಮ್ಮ ರಿಜಿಸ್ಟರ್ ಹೇಳುತ್ತಿದೆ. ಆಗ ಬೇಕಾಗುವುದು 80 ಡೋಸ್. ಅದರ ಮೇಲೆ ಕಾಲು ಭಾಗ ಬಫರ್ (ಮೀಸಲು) ಸೇರಿಸಿದರೆ 100, ಅಂದರೆ 10 ವೈಯಲ್. ಕೈಯಲ್ಲಿ ಈಗಾಗಲೇ ಇರುವುದನ್ನು ಇದರಲ್ಲಿ ಕಳೆಯಿರಿ. ವ್ಯರ್ಥದ ಲೆಕ್ಕ ನಿಮ್ಮ ಕ್ಲಿನಿಕ್‌ನದೇ ಆಗಿರಲಿ. ವಾರಕ್ಕೆ ನಾಲ್ಕೇ ಮಕ್ಕಳು ಬರುವ ಕಡೆ 10 ಡೋಸ್‌ನ ವೈಯಲ್‌ಗಿಂತ ಸಿಂಗಲ್ ಡೋಸ್ ಸಿಕ್ಕರೆ ಅದನ್ನೇ ಕೇಳಿ.

ಪುಡಿ ರೂಪದ ಲಸಿಕೆಗೆ ಡೈಲ್ಯೂಯೆಂಟ್ (ಪುಡಿಯನ್ನು ಕಲಸುವ ದ್ರವ) ಕೂಡ ಅಷ್ಟೇ ಸಂಖ್ಯೆಯಲ್ಲಿ ಬೇಕು. ಇನ್ನೊಂದು ಮಾತು, ಫ್ರಿಜ್‌ನಲ್ಲಿ ಜಾಗ ಇದೆಯೇ ಎಂದು ಆರ್ಡರ್‌ಗೆ ಮೊದಲೇ ನೋಡಿಕೊಳ್ಳಿ. ತುರುಕಿ ತುಂಬಿದ ಫ್ರಿಜ್‌ನಲ್ಲಿ ಗಾಳಿ ಓಡಾಡುವುದಿಲ್ಲ.

ಪಾರ್ಸೆಲ್ ಬಂದ ಕ್ಷಣ

ಲಸಿಕೆ ಬರುವ ದಿನ ರಿಸೆಪ್ಷನ್‌ನಲ್ಲಿ ಕೂರುವವರಿಗೂ ಮೊದಲೇ ಹೇಳಿಡಿ. ಅವರ ಮೇಜಿನ ಕೆಳಗೆ ಆ ಪೆಟ್ಟಿಗೆ ಹತ್ತು ನಿಮಿಷವೂ ಕೂರಬಾರದು. ತೆರೆದು ಲಸಿಕೆಯ ಹೆಸರು, ಸಂಖ್ಯೆ, ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ. ಪೆಟ್ಟಿಗೆಯಲ್ಲಿ ಫ್ರೀಜ್ ಇಂಡಿಕೇಟರ್ (ಹೆಪ್ಪುಗಟ್ಟುವಷ್ಟು ಚಳಿ ತಾಗಿದ್ದರೆ ತೋರಿಸುವ ಸೂಚಕ) ಅಥವಾ ಡೇಟಾ ಲಾಗರ್ (ತಾಪಮಾನವನ್ನು ತಾನೇ ದಾಖಲಿಸುತ್ತಾ ಹೋಗುವ ಸಾಧನ) ಇದ್ದರೆ ಅದನ್ನೂ ನೋಡಿ. ವೈಯಲ್ ಮೇಲೆ ವಿವಿಎಂ (ಬಿಸಿ ತಾಗಿದಂತೆ ಬಣ್ಣ ಬದಲಾಗುವ ಗುರುತು) ಇದ್ದರೆ ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಗಾಢವಾಗಿದ್ದರೆ ಬಳಸುವಂತಿಲ್ಲ. ಆದರೆ ವಿವಿಎಂ ಹೇಳುವುದು ಬಿಸಿಯ ಕಥೆ ಮಾತ್ರ. ಹೆಪ್ಪುಗಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಫ್ರಿಜ್ ಒಳಗೆ

2ರಿಂದ 8 ಡಿಗ್ರಿ ಸೆಲ್ಸಿಯಸ್, ಗುರಿ 5. ಫ್ರೀಜರ್‌ನಲ್ಲಿ ಇಡಬೇಕಾದ ಲಸಿಕೆಗಳೂ ಕೆಲವು ಇವೆ, ಅವನ್ನು ಪ್ಯಾಕೆಟ್ ಒಳಗಿನ ಸೂಚನೆ ನೋಡಿಯೇ ಇಡಿ. ಲಸಿಕೆಗೆಂದೇ ಮಾಡಿದ ಫ್ರಿಜ್ ಇದ್ದರೆ ಅರ್ಧ ತಲೆನೋವು ಕಡಿಮೆ. ಒಂದೇ ಬಾಗಿಲಿನ, ಒಳಗೇ ಮಂಜುಗಡ್ಡೆಯ ಗೂಡು ಇರುವ ಸಣ್ಣ ಫ್ರಿಜ್ ಮಾತ್ರ ಬೇಡವೇ ಬೇಡ. ಅದರಲ್ಲಿ ಒಂದು ಮೂಲೆ 6 ಡಿಗ್ರಿ ಇದ್ದರೆ ಇನ್ನೊಂದು ಮೂಲೆ ಸೊನ್ನೆಗಿಂತ ಕೆಳಗೆ ಇರಬಹುದು.

ಬಾಗಿಲಿನ ತಟ್ಟೆಯಲ್ಲಿ, ಕೆಳಗಿನ ತರಕಾರಿ ಡಬ್ಬದಲ್ಲಿ, ತಣ್ಣನೆ ಗಾಳಿ ಬರುವ ಕಿಂಡಿಯ ಎದುರು ಲಸಿಕೆ ಇಡಬೇಡಿ. ಆ ಜಾಗಗಳಲ್ಲಿ ನೀರಿನ ಬಾಟಲಿ ಇಡಿ. ಕರೆಂಟ್ ಹೋದಾಗ ತಂಪು ಹಿಡಿದಿಡುವುದು ಅವೇ. ಬಾಟಲಿಗೆ 'ಕುಡಿಯಬೇಡಿ' ಎಂದು ಬರೆದು ಅಂಟಿಸಿ, ಇಲ್ಲದಿದ್ದರೆ ಒಂದೊಂದಾಗಿ ಮಾಯವಾಗುತ್ತವೆ. ಮೇಲಿನಿಂದ ತೆರೆಯುವ ಲಸಿಕೆ ಫ್ರಿಜ್, ಅಂದರೆ ಐಎಲ್‌ಆರ್ ಆದರೆ ತಳವೇ ಹೆಚ್ಚು ತಣ್ಣಗಿರುವ ಜಾಗ. ಪೋಲಿಯೊ ಹನಿ, ದಡಾರ ಲಸಿಕೆ ಕೆಳಗೆ, ಹೆಪ್ಪುಗಟ್ಟಬಾರದವು ಮೇಲಿನ ಬುಟ್ಟಿಯಲ್ಲಿ. ಲಸಿಕೆಯನ್ನು ಅದರ ಡಬ್ಬಿಯಲ್ಲೇ ಇಡಿ, ಕೆಲವಕ್ಕೆ ಬೆಳಕು ಆಗುವುದಿಲ್ಲ. ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ ಇರಲಿ, ಅದು ಮೊದಲು ಬಂದಿದ್ದೇ ಆಗಿರಬೇಕೆಂದಿಲ್ಲ.

ಡೇಟಾ ಲಾಗರ್‌ನ ಪ್ರೋಬ್ (ತಾಪಮಾನ ಅಳೆಯುವ ತುದಿ) ಲಸಿಕೆಗಳ ನಡುವೆ ಇರಬೇಕು, ಗೋಡೆಗೆ ತಾಗಿ ಅಲ್ಲ. ಬೆಳಿಗ್ಗೆ ಬಂದ ಕೂಡಲೇ, ಬಾಗಿಲು ತೆರೆಯುವ ಮೊದಲು, ರಾತ್ರಿಯ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯಿರಿ. ಸಂಜೆ ಹೊರಡುವಾಗ ಇನ್ನೊಮ್ಮೆ. ಈಗಿನ ತಾಪಮಾನ ಒಂದನ್ನೇ ಬರೆದರೆ ಪ್ರಯೋಜನ ಕಡಿಮೆ. ರಾತ್ರಿ ಮೂರು ಗಂಟೆಗೆ ಮೈನಸ್ ಒಂದಕ್ಕೆ ಇಳಿದು ಬೆಳಿಗ್ಗೆ 4ಕ್ಕೆ ಬಂದು ನಿಂತಿರಬಹುದಲ್ಲ! ಪ್ಲಗ್ ಪಕ್ಕದಲ್ಲಿ 'ಆಫ್ ಮಾಡಬೇಡಿ' ಎಂಬ ಚೀಟಿ ಇರಲಿ, ಕಸ ಗುಡಿಸುವವರಿಗೆ ಬಾಯಲ್ಲೂ ಹೇಳಿ.

ಐಸ್ ಪ್ಯಾಕ್ ಮತ್ತು ಶೇಕ್ ಟೆಸ್ಟ್

ಕ್ಯಾರಿಯರ್‌ಗೆ ಫ್ರೀಜರ್‌ನಿಂದ (ಲಸಿಕೆ ಸಾಗಿಸುವ ತಂಪು ಪೆಟ್ಟಿಗೆ) ನೇರವಾಗಿ ಐಸ್ ಪ್ಯಾಕ್ ಹಾಕುವುದು ಲಸಿಕೆ ಹೆಪ್ಪುಗಟ್ಟಲು ದೊಡ್ಡ ಕಾರಣ. ಪ್ಯಾಕ್‌ಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಬಿಡಿ. ಮೈ ಬೆವರುತ್ತದೆ. ಸ್ವಲ್ಪ ಹೊತ್ತಿನ ನಂತರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸದ್ದು ಕೇಳಿದರೆ ಸರಿ, ಒರೆಸಿ ಕ್ಯಾರಿಯರ್‌ಗೆ ಹಾಕಿ. ಸದ್ದು ಇಲ್ಲದಿದ್ದರೆ ಕಾಯಿರಿ, ಎಷ್ಟೇ ಅವಸರ ಇದ್ದರೂ.

ಹೆಪ್ಪುಗಟ್ಟಿತ್ತೇನೋ ಎಂಬ ಅನುಮಾನ ಬಂದರೆ ಶೇಕ್ ಟೆಸ್ಟ್ ಇದೆ. ಅದೇ ಕಂಪನಿಯ, ಅದೇ ಬ್ಯಾಚ್‌ನ ಒಂದು ವೈಯಲ್ ಮೇಲೆ 'ಹೆಪ್ಪುಗಟ್ಟಿಸಿದ್ದು, ಬಳಸಬೇಡಿ' ಎಂದು ಬರೆದು, ಗಟ್ಟಿಯಾಗುವ ತನಕ ಫ್ರೀಜರ್‌ನಲ್ಲಿಟ್ಟು, ಆಮೇಲೆ ಕರಗಲು ಬಿಡಿ. ಅದನ್ನೂ ಅನುಮಾನದ ವೈಯಲ್ಲನ್ನೂ ಒಟ್ಟಿಗೆ 10–15 ಸೆಕೆಂಡ್ ಅಲ್ಲಾಡಿಸಿ ಪಕ್ಕಪಕ್ಕ ಇಡಿ. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿಯ ಗಷ್ಟು ಬೇಗ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಅರ್ಧ ಗಂಟೆಯವರೆಗೆ ನೋಡಿ. ಇನ್ನೊಂದೂ ಅಷ್ಟೇ ಬೇಗ ಇಳಿದರೆ ಅದು ಹಾಳಾಗಿದೆ. ಕಣ್ಣೆದುರೇ ಗಟ್ಟಿಯಾಗಿರುವ ವೈಯಲ್‌ಗೆ ಪರೀಕ್ಷೆ ಬೇಡ, ತೆಗೆದು ಬದಿಗಿಡಿ. ಐಪಿವಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದು ತಿಳಿ ದ್ರವ.

ಕಲಸುವಾಗ

ಲಸಿಕೆಯ ಜೊತೆ ಬಂದ ಡೈಲ್ಯೂಯೆಂಟ್ ಬಿಟ್ಟು ಬೇರೆ ಏನನ್ನೂ ಹಾಕಬೇಡಿ. ಕಲಸುವ ಮೊದಲು ಅದೂ ತಣ್ಣಗಾಗಿರಲಿ, ಹೆಪ್ಪುಗಟ್ಟುವುದು ಬೇಡ. 2014ರಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ದಡಾರ ಲಸಿಕೆಗೆ ಡೈಲ್ಯೂಯೆಂಟ್ ಬದಲು ಅಟ್ರಾಕ್ಯೂರಿಯಂ ಎಂಬ, ಅರಿವಳಿಕೆ ಕೊಡುವಾಗ ಬಳಸುವ ಸ್ನಾಯು ಸಡಿಲಿಸುವ ಔಷಧಿ ಹೋಗಿ 15 ಮಕ್ಕಳು ಸತ್ತರು. ಲಸಿಕೆ ಫ್ರಿಜ್‌ನಲ್ಲಿ ಬೇರೆ ಔಷಧಿ ಇಡಬೇಡಿ ಎಂದು ನಾನು ಜಗಳ ಮಾಡಿಯಾದರೂ ಹೇಳುವುದು ಇದಕ್ಕೇ. ಪ್ರತಿ ವೈಯಲ್‌ಗೂ ಹೊಸ ಸಿರಿಂಜ್. ತೆರೆದ ಅಥವಾ ಕಲಸಿದ ದಿನ, ಗಂಟೆಯನ್ನು ವೈಯಲ್ ಮೇಲೆಯೇ ಬರೆಯಿರಿ. ಕಲಸಿದ ದಡಾರ, ಬಿಸಿಜಿ (ಕ್ಷಯದ) ಲಸಿಕೆಗಳು 4 ಗಂಟೆಯೊಳಗೆ ಅಥವಾ ಸೆಷನ್ ಮುಗಿಯುವುದರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಮುಗಿಯಬೇಕು. ಉಳಿದರೆ ಬಿಸಾಕಬೇಕು. ಬೆಳಿಗ್ಗೆಯೇ ಸಿರಿಂಜ್‌ಗಳಿಗೆ ತುಂಬಿ ಸಾಲಾಗಿ ಇಡುವ ಅಭ್ಯಾಸವೂ ಬೇಡ.

ಏನಾದರೂ ಎಡವಟ್ಟಾದರೆ

ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಲಾಗರ್ ಡಿಸ್‌ಪ್ಲೇ ಹೊರಗಿನಿಂದಲೇ ನೋಡಿ. 8ರ ಹತ್ತಿರ ಏರುತ್ತಿದ್ದರೆ ಮೊದಲೇ ಮಾತಾಡಿಟ್ಟ ಇನ್ನೊಂದು ಫ್ರಿಜ್‌ಗೆ ಕ್ಯಾರಿಯರ್‌ನಲ್ಲಿ ಸಾಗಿಸಿ. ಆ ಜಾಗದ ಫೋನ್ ನಂಬರ್ ಫ್ರಿಜ್ ಬಾಗಿಲ ಮೇಲೆಯೇ ಇರಲಿ.

ತಾಪಮಾನ 2ರ ಕೆಳಗೋ 8ರ ಮೇಲೋ ಹೋಗಿದ್ದು ಕಂಡರೆ ಗಾಬರಿಯಲ್ಲಿ ಎಲ್ಲವನ್ನೂ ಬಿಸಾಕಬೇಡಿ. ಸುಮ್ನೆ ಬಳಸುತ್ತಲೂ ಹೋಗಬೇಡಿ. ಆ ಲಸಿಕೆಗಳನ್ನು ಒಂದು ಚೀಲಕ್ಕೆ ಹಾಕಿ 'ಬಳಸಬೇಡಿ' ಎಂದು ಬರೆದು, ಸರಿಯಾದ ತಾಪಮಾನದಲ್ಲೇ ಬೇರೆ ಇಡಿ. ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವ ಲಸಿಕೆ, ಯಾವ ಬ್ಯಾಚ್ ಎಂಬುದನ್ನು ಲಾಗರ್ ನೋಡಿ ಬರೆದುಕೊಂಡು, ಲಸಿಕೆ ಕಾರ್ಯಕ್ರಮದ ಅಧಿಕಾರಿಗೆ ಅಥವಾ ತಯಾರಿಸಿದ ಕಂಪನಿಗೆ ಫೋನ್ ಮಾಡಿ. ಉಳಿಸಬಹುದೋ ಇಲ್ಲವೋ ಎಂದು ಅವರು ಹೇಳುವವರೆಗೆ ಚೀಲ ಮುಟ್ಟಬೇಡಿ. ಯಾರು, ಯಾವಾಗ, ಏನು ಹೇಳಿದರು ಎಂದು ರಿಜಿಸ್ಟರ್‌ನ ಅದೇ ಪುಟದಲ್ಲಿ ಬರೆದು ಸಹಿ ಹಾಕಿ.