ವಿಡಿಯೊ ಕಾಲ್‌ನಲ್ಲಿ ಮನೋರೋಗ ಚಿಕಿತ್ಸೆ: ಬಾಜೂಕ ಯಾರಿದ್ದಾರೆ?

ಕಲಬುರಗಿಯಲ್ಲಿ ಕೂತು ಸೇಡಂ, ಚಿಂಚೋಳಿ, ಸುರಪುರ ಕಡೆಯ ಪೇಶಂಟ್‌ಗಳನ್ನು ವಿಡಿಯೊ ಕಾಲ್‌ನಲ್ಲಿ ನೋಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ನೆಟ್‌ವರ್ಕ್ ಬಗ್ಗೆ. ಅದು ಸಣ್ಣ ತಲೆನೋವು. ಕಟ್ ಆದರೆ ನಾನೇ ತಿರುಗಿ ಮಾಡುತ್ತೇನೆ, ಚಿತ್ರ ನಿಂತರೆ ಬರೀ ಮಾತಿನಲ್ಲೇ ಮುಂದುವರಿಸೋಣ ಅಂತ ಮೊದಲೇ ಹೇಳಿಟ್ಟರೆ ಮುಗೀತು. ನಿಜವಾದ ಕಷ್ಟ ಅಂದರೆ ಫೋನ್ ಹಿಡಿದವರ ಪಕ್ಕ ಯಾರು ಕೂತಿದ್ದಾರೆ ಅನ್ನೋದು.

ಒಂದೇ ಕೋಣೆಯ ಮನೆ. ಫೋನ್ ಗಂಡನದು. ಅತ್ತೆ ಅಲ್ಲೇ ಜೋಳ ಹಸನು ಮಾಡುತ್ತಾ ಕೂತಿರುತ್ತಾರೆ. ಆ ಹೆಣ್ಣುಮಗಳು "ನಿದ್ದಿ ಬರಲ್ರಿ, ಎದಿ ಢವಢವ ಅಂತದ್ರಿ" ಅಂದು ಸುಮ್ಮನಾಗುತ್ತಾಳೆ. ಅದಕ್ಕೇ ಮೊದಲು ಇಯರ್‌ಫೋನ್ ಹಾಕಿಸುತ್ತೇನೆ, ಆಮೇಲೆ "ಬಾಜೂಕ ಯಾರರ ಅದಾರೇನ್ರಿ?" ಅಂತ ಕೇಳುತ್ತೇನೆ. ಇದ್ದರೆ ಹೂಂ, ಊಹೂಂ ಅಂದರೆ ಸಾಕಾಗುವಂಥ ಪ್ರಶ್ನೆಗಳನ್ನೇ ಕೇಳುವುದು. ಇನ್ನು ಮಾತು ಬೇಡ ಅನಿಸಿದರೆ "ಗುಳಿಗಿ ಮುಗದಾವ್ರಿ" ಅನ್ನಬೇಕು, ಅದು ನಮ್ಮಿಬ್ಬರ ಗುಟ್ಟಿನ ಗುರುತು, ಆಗ ನಾನು ಕಾಲ್ ಮುಗಿಸಿ ಬೇರೆ ಹೊತ್ತಿಗೆ ಮಾಡುತ್ತೇನೆ. ಮಾಳಿಗೆ ಮೇಲೆ, ತೊಗರಿ ಹೊಲದ ಬದುವಿನಲ್ಲಿ ಕೂತವರು ಮನೆಯೊಳಗಿನವರಿಗಿಂತ ಎಷ್ಟೋ ಬಿಚ್ಚಿ ಮಾತಾಡುತ್ತಾರೆ. ಆದರೆ ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಮಾಳಿಗೆ ಮೇಲೆ ಯಾರು ಕೂರಬೇಕು? ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ, ಇಲ್ಲ ಹೊತ್ತು ಮುಳುಗಿದ ಮೇಲೆ ಟೈಮ್ ಕೊಡುತ್ತೇನೆ.

ಮನೆಯವರನ್ನು ಪೂರ್ತಿ ದೂರ ಇಡೋದೂ ನಡೆಯಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಅವರೇ ಅಲ್ವಾ? ಪೇಶಂಟ್ ಒಪ್ಪಿದರೆ ಕೊನೆಗೆ ಸ್ವಲ್ಪ ಹೊತ್ತು ಅವರ ಜೊತೆ ಮಾತಾಡುತ್ತೇನೆ.

ಮುಖ ನೋಡಿದರೆ ಮಾತ್ರ ಸಾಲದು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಡಿಸಿ, ಎರಡೂ ಕೈ ಚಾಚಿಸುತ್ತೇನೆ, ಆ ಗೋಡೆಯಿಂದ ಈ ಗೋಡೆಗೆ ನಡೆಸುತ್ತೇನೆ. ಭ್ರಮೆ, ಸಂಶಯದ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆಯಿಂದ ಮೈ ಬಿಗಿಯಾಗಿದ್ದರೆ ನಡೆಯುವಾಗ ಕೈ ಬೀಸುವುದು ಕಡಿಮೆಯಾಗಿರುತ್ತದೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ರಕ್ತ ಪರೀಕ್ಷೆ ಬೇಕೇ ಬೇಕು, ಅದಕ್ಕೆ ವಿಡಿಯೊದಲ್ಲಿ ದಾರಿ ಇಲ್ಲ. ಸೆರೆಯ ವಾಸನೆಯೂ ಸ್ಕ್ರೀನ್‌ನಲ್ಲಿ ಬರಲ್ಲ. ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ಬಿಟ್ಟು ಕೈ ನಡುಗಿಸುತ್ತಾ ಕಾಲ್‌ಗೆ ಬಂದರೆ ನಾನು ಮಾತು ಬೆಳೆಸಲ್ಲ, ಸೀದಾ ಆಸ್ಪತ್ರೆಗೆ ಕಳಿಸುತ್ತೇನೆ. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ತಲೆ ಕೆಟ್ಟಂತೆ ಬಡಬಡಿಸಬಹುದು, ಜೀವಕ್ಕೇ ಅಪಾಯ.

ಪ್ರತಿ ಸಲ "ಈಗ ಯಾವ ಊರಾಗ ಅದೀರಿ?" ಅಂತ ಕೇಳಲೇಬೇಕು. ಚೀಟಿಯಲ್ಲಿ ಯಾದಗಿರಿ ಅಂತಿರುತ್ತದೆ, ಆಸಾಮಿ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರುತ್ತಾನೆ. ಹತ್ತಿರ ಇರುವ ಒಬ್ಬರ ನಂಬರ್ ಕೂಡ ಬರೆದುಕೊಳ್ಳುತ್ತೇನೆ. ಸಾಯುವ ಮಾತು ಬಂದರೆ ಆ ಕಾಲ್ ಬಿಡದೆ ಇನ್ನೊಂದು ಫೋನ್‌ನಿಂದ ಅವರನ್ನು ಕರೆಯಬೇಕಲ್ಲ.

2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದಂತೆ ಸಹಿ ಮಾಡಿದ ಚೀಟಿಯ ಫೋಟೊ ಕಳಿಸಬಹುದು. ಆದರೆ ಶೆಡ್ಯೂಲ್ ಎಕ್ಸ್, ಅಂದರೆ ಕಾನೂನಿನ ಬಿಗಿ ಹಿಡಿತದ ಪಟ್ಟಿಯಲ್ಲಿರುವ ಔಷಧಿಗಳನ್ನು ಹೀಗೆ ಬರೆಯುವಂತಿಲ್ಲ. ನಿಯಮ ಇದ್ದರೂ ಕೆಲವು ಮೆಡಿಕಲ್‌ಗಳಲ್ಲಿ ಮೊಬೈಲ್ ಚೀಟಿಗೆ ಔಷಧಿ ಕೊಡಲ್ಲ ಅಂತಾರೆ, ಆಗ ಅಂಗಡಿಯವರ ಜೊತೆ ನಾನೇ ಮಾತಾಡುತ್ತೇನೆ. ಬೇಜಾರಿನ ಕೆಲಸ, ಏನು ಮಾಡೋದು.

ರಾತ್ರಿ ನಾನು ಫೋನ್ ಎತ್ತಲ್ಲ, ಅದನ್ನೂ ಮೊದಲೇ ಹೇಳಿರುತ್ತೇನೆ. ರಾತ್ರಿಗೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯ ಮೇಲ್ಗಡೆ ಆ ನಂಬರನ್ನು ದೊಡ್ಡದಾಗಿ ಬರೆದೇ ಕಳಿಸುತ್ತೇನೆ.