ಮನೆಯಲ್ಲೇ ಫೋಟೊ ಪ್ರಿಂಟ್: ದೊಡ್ಡದಕ್ಕೆ ಮೊದಲು ಒಂದು ಪರೀಕ್ಷಾ ಪಟ್ಟಿ

ಅಜ್ಜಿ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿರುವ ಫೋಟೊ ಒಂದಿದೆ ನನ್ನ ಹತ್ತಿರ. ಬೆಳಕು ಎಡಗಡೆಯಿಂದ ಬಂದು ಅವಳ ಕೆನ್ನೆ, ಬೆರಳ ತುದಿ, ದಾರದ ಎಳೆಯ ಮೇಲಷ್ಟೇ ಬಿದ್ದಿದೆ. ಹೊದ್ದಿರುವ ಕಪ್ಪು ಶಾಲು ಪೂರ್ತಿ ನೆರಳಿನಲ್ಲಿ. ಕಂಪ್ಯೂಟರಿನಲ್ಲಿ ನೋಡಿದರೆ ಆ ಶಾಲಿನ ಒಂದೊಂದು ಮಡಿಕೆಯೂ ಕಾಣುತ್ತದೆ. ಮೊದಲ ಸಲ ಎ4 ಅಳತೆಗೆ ಪ್ರಿಂಟ್ ತೆಗೆದಾಗ ಶಾಲಿದ್ದ ಜಾಗದಲ್ಲಿ ಬರೀ ಕಪ್ಪು ಮುದ್ದೆ. ಪ್ರಿಂಟರ್ ಕೆಟ್ಟಿದೆ ಅಂದುಕೊಂಡೆ, ಆಮೇಲೆ ಇಂಕ್ ಮೇಲೆ ಅನುಮಾನಪಟ್ಟೆ. ಎರಡೂ ಸರಿಯಾಗಿದ್ದವು. ಮಾನಿಟರನ್ನು ಕಣ್ಣು ಕುಕ್ಕುವಷ್ಟು ಬೆಳಕಿಗೆ ಇಟ್ಟುಕೊಂಡು ಫೋಟೊ ತಿದ್ದಿದ್ದೆ, ಅದೇ ತಪ್ಪು.

ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸು ಕೊಡುತ್ತದೆ. ಮನೆಯಲ್ಲಿ ಪ್ರಿಂಟ್ ತೆಗೆಯುವವರ ಮುಕ್ಕಾಲು ತೊಂದರೆ ಈ ವ್ಯತ್ಯಾಸದಿಂದಲೇ ಬರುವುದು ಅಂತ ನನಗೆ ಈಗ ಅನ್ನಿಸುತ್ತದೆ. ಅದಕ್ಕೇ ಪ್ರಿಂಟರ್ ಖರೀದಿಯ ಮಾತನ್ನು ಬೇಗ ಮುಗಿಸಿ ಬೆಳಕಿನ ವಿಷಯಕ್ಕೆ ಬರುತ್ತೇನೆ.

ಮೊದಲು ಫೈಲ್

ಮೆಸೇಜಿಂಗ್ ಆ್ಯಪಿನಲ್ಲಿ ಬಂದ ಫೋಟೊವನ್ನು ಪ್ರಿಂಟಿಗೆ ಹಾಕಬೇಡಿ. ಕಳಿಸುವಾಗಲೇ ಅದು ಕುಗ್ಗಿರುತ್ತದೆ. ಫೋನಿನಲ್ಲಿ ಚೆನ್ನಾಗಿ ಕಂಡರೂ ಕಾಗದದ ಮೇಲೆ ಕೂದಲು, ಹುಬ್ಬೆಲ್ಲ ಕಲಸಿದ ಹಾಗೆ ಬರುತ್ತದೆ. ತೆಗೆದವರ ಹತ್ತಿರ ಮೂಲ ಫೈಲನ್ನೇ ಕೇಳಿ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಳತೆಯ ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ನಿಶ್ಚಿಂತೆ. 4×6 ಇಂಚಿಗೆ 1200×1800, ಎ4ಗೆ 2480×3508. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4032×3024 ಇರುತ್ತದೆ, ಅಂದರೆ ಎ4ಗೆ ಧಾರಾಳ. ಎ3ಗೆ ಹೋದರೆ ಇಂಚಿಗೆ 240ರ ಆಸುಪಾಸಿಗೆ ಇಳಿಯುತ್ತದೆ. ಗೋಡೆಯ ಮೇಲೆ ಸ್ವಲ್ಪ ದೂರದಿಂದ ನೋಡುವುದಕ್ಕೆ ಅದೂ ಸಾಕು. ಪ್ರಿಂಟರ್ ಡಬ್ಬದ ಮೇಲೆ 4800, 5760 ಅಂತ ಬರೆದಿರುತ್ತಾರಲ್ಲ, ಅದು ಇಂಕಿನ ಹನಿಗಳ ಲೆಕ್ಕ. ನಿಮ್ಮ ಫೋಟೊದ ಪಿಕ್ಸೆಲ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ.

ಆಕಾರವನ್ನೂ ಗಮನಿಸಿ. ಫೋನಿನ ಫೋಟೊ 4:3, ಆದರೆ 4×6 ಕಾಗದ 3:2. ಹಾಗೇ ಕಾಗದ ತುಂಬಿಸಿದರೆ ಚಿಕ್ಕ ಬದಿಯಿಂದ ಒಂಬತ್ತನೇ ಒಂದು ಪಾಲು ಕತ್ತರಿಸಿಹೋಗುತ್ತದೆ. ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ನೆತ್ತಿ ಹೋಗುವುದು ಹೀಗೆಯೇ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಸಾಫ್ಟ್‌ವೇರಿಗೆ ಬಿಡದೆ ನೀವೇ ಕ್ರಾಪ್ ಮಾಡಿ. ಬಾರ್ಡರ್‌ಲೆಸ್ ಆಯ್ಕೆಯಲ್ಲಿ ಪ್ರಿಂಟರ್ ಚಿತ್ರವನ್ನು ಇನ್ನೂ ಸ್ವಲ್ಪ ಹಿಗ್ಗಿಸುವುದರಿಂದ ಅಂಚು ಮತ್ತಷ್ಟು ಹೋಗುತ್ತದೆ. ನಾನು ಸುತ್ತ ಬಿಳಿ ಅಂಚು ಬಿಟ್ಟೇ ತೆಗೆಯುತ್ತೇನೆ. ಫ್ರೇಮಿಗೂ ಅನುಕೂಲ, ಪ್ರಿಂಟ್ ಹಿಡಿಯುವಾಗ ಬೆರಳಿಗೂ ಜಾಗ.

ಪ್ರಿಂಟರ್, ಕಾಗದ

ಡೈ ಇಂಕ್ ಕಾಗದದ ಲೇಪದೊಳಗೆ ಇಂಗುತ್ತದೆ, ಗ್ಲಾಸಿ ಕಾಗದದ ಮೇಲೆ ಬಣ್ಣ ಹೊಳೆಯುತ್ತದೆ. ಪಿಗ್ಮೆಂಟ್ ಇಂಕಿನಲ್ಲಿರುವುದು ಬಣ್ಣದ ನುಣ್ಣನೆಯ ಕಣಗಳು. ಇವು ಬೆಳಕಿಗೆ ಹೆಚ್ಚು ಕಾಲ ತಡೆಯುತ್ತವೆ, ಮ್ಯಾಟ್ ಕಾಗದಕ್ಕೂ ಚೆನ್ನಾಗಿ ಒಗ್ಗುತ್ತವೆ. ಆರು ಬಣ್ಣದ ಪ್ರಿಂಟರುಗಳಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಸಾಮಾನ್ಯವಾಗಿ ಇರುವುದರಿಂದ ಆಕಾಶ, ಚರ್ಮದಂಥ ತಿಳಿ ಭಾಗಗಳು ನುಣುಪಾಗಿ ಬರುತ್ತವೆ. ನಾಲ್ಕು ಬಣ್ಣದ್ದೇ ಇದ್ದರೂ ಬೇಸರಪಡಬೇಡಿ. ಅಜ್ಜಿಯ ಫೋಟೊ ತೆಗೆದದ್ದು ಅಂಥದ್ದರಲ್ಲೇ.

ಪ್ರಿಂಟರಿಗಿಂತ ಕಾಗದಕ್ಕೆ ಹೆಚ್ಚು ಗಮನ ಕೊಡಿ. ಬರೆಯುವ ಕಾಗದದ ತೂಕ 75, 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ). ಒಳ್ಳೆಯ ಫೋಟೊ ಕಾಗದ 200ರಿಂದ 300. ತೂಕಕ್ಕಿಂತಲೂ ಮುಖ್ಯ ಮೇಲಿನ ಲೇಪ, ಇಂಕನ್ನು ಹರಡದಂತೆ ಹಿಡಿದಿಡುವುದು ಅದು. ಗ್ಲಾಸಿಯಲ್ಲಿ ಕಪ್ಪು ಆಳವಾಗಿ ಬರುತ್ತದೆ, ಆದರೆ ಬೆರಳ ಗುರುತು ಬೀಳುತ್ತದೆ, ದೀಪದ ಪ್ರತಿಬಿಂಬವೂ ಕಾಣುತ್ತದೆ. ಮ್ಯಾಟ್‌ನಲ್ಲಿ ಪ್ರತಿಬಿಂಬವಿಲ್ಲ, ಕಪ್ಪು ಸ್ವಲ್ಪ ಬೂದಿಗೆ ತಿರುಗುತ್ತದೆ. ಇವೆರಡರ ನಡುವಿನ ಲಸ್ಟರ್ ಅಥವಾ ಸೆಮಿ ಗ್ಲಾಸ್ ನನಗಿಷ್ಟ. ಒಂದೇ ಬಗೆಯ ಕಾಗದ ಆರಿಸಿಕೊಂಡು ಆರು ತಿಂಗಳಾದರೂ ಅದರಲ್ಲೇ ತೆಗೆಯಿರಿ. ಪ್ರತಿ ಸಲ ಕಾಗದ ಬದಲಿಸಿದರೆ ತಪ್ಪು ಕಾಗದದ್ದೋ ನಿಮ್ಮದೋ ತಿಳಿಯುವುದೇ ಇಲ್ಲ.

ಮ್ಯಾಟ್ ಕಾಗದದಲ್ಲಿ ಯಾವ ಬದಿಗೆ ಲೇಪವಿದೆ ಅಂತ ಗೊಂದಲವಾಗುವುದುಂಟು. ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಒಂದು ಮೂಲೆಯನ್ನು ಹಿಡಿದು ನೋಡಿ, ಅಂಟಿದಂತಾಗುವ ಬದಿಯೇ ಪ್ರಿಂಟಿನ ಬದಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಪೇಪರ್ ಟೈಪ್ ಅನ್ನುವುದು ಬರೀ ಹೆಸರಲ್ಲ. ಎಷ್ಟು ಇಂಕ್ ಬಿಡಬೇಕು, ಯಾವ ಕಪ್ಪು ಬಳಸಬೇಕು ಅನ್ನುವುದನ್ನೆಲ್ಲ ಪ್ರಿಂಟರ್ ಅದನ್ನು ನೋಡಿಯೇ ತೀರ್ಮಾನಿಸುತ್ತದೆ. ಗ್ಲಾಸಿ ಕಾಗದ ಇಟ್ಟು ಪ್ಲೇನ್ ಪೇಪರ್ ಅಂತಲೇ ಬಿಟ್ಟರೆ ಹಲವು ಪ್ರಿಂಟರುಗಳು ಅಕ್ಷರಕ್ಕೆಂದು ಇರುವ ಪಿಗ್ಮೆಂಟ್ ಕಪ್ಪನ್ನು ಸುರಿಯುತ್ತವೆ. ಅದು ಒಳಗೆ ಇಂಗದೆ ಮೇಲೇ ನಿಂತು, ಮುಟ್ಟಿದರೆ ಕೈಗೆ ಬರುತ್ತದೆ. ಪೇಪರ್ ಟೈಪ್ ಸರಿಮಾಡಿ, ಕ್ವಾಲಿಟಿಯನ್ನು ಹೈ ಮಾಡಿ.

ಬೆಳಕು, ಆಮೇಲೆ ಪಟ್ಟಿ

ಹೊಸ ಮಾನಿಟರುಗಳು ಚದರ ಮೀಟರಿಗೆ 250 ಕ್ಯಾಂಡೆಲಾ, ಅದಕ್ಕೂ ಹೆಚ್ಚು ಬೆಳಗಬಲ್ಲವು. ಪ್ರಿಂಟಿನ ಕೆಲಸಕ್ಕೆ 80ರಿಂದ 120 ಸಾಕು. ಅಳೆಯುವ ಕ್ಯಾಲಿಬ್ರೇಟರ್ ಇದ್ದರೆ ಒಳ್ಳೆಯದು. ಇಲ್ಲದವರು ಹೀಗೆ ಮಾಡಿ: ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಪ್ರಿಂಟಿಗೆ ಬಳಸುವ ಬಿಳಿ ಕಾಗದವನ್ನೇ ಪಕ್ಕದಲ್ಲಿ ಹಿಡಿಯಿರಿ, ಕೋಣೆಯಲ್ಲಿ ಮಾಮೂಲಿ ಬೆಳಕಿರಲಿ. ಪರದೆ ದೀಪದ ಹಾಗೆ ಕಂಡು ಕಾಗದ ಮಂಕಾಗಿ ಕಂಡರೆ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ, ಎರಡೂ ಹೆಚ್ಚುಕಡಿಮೆ ಒಂದೇ ಬಿಳಿಯಾಗುವ ತನಕ. ನನ್ನ ಮಾನಿಟರಿನಲ್ಲಿ ಅದು ನೂರರಿಂದ ಮೂವತ್ತಕ್ಕೆ ಬಂದು ನಿಂತಿತು. ನೈಟ್ ಮೋಡ್, ತಾನಾಗಿ ಬೆಳಕು ಬದಲಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ಮೊದಲ ಒಂದೆರಡು ದಿನ ಪರದೆ ಕತ್ತಲೆ ಕತ್ತಲೆ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ.

ಇಷ್ಟಾದರೂ ದೊಡ್ಡ ಕಾಗದ ಹಾಕುವ ಮೊದಲು ಪಟ್ಟಿ, ಅಂದರೆ ಚಿತ್ರದ ಒಂದು ತುಂಡಿನ ಪರೀಕ್ಷಾ ಪ್ರಿಂಟ್, ತೆಗೆಯಲೇಬೇಕು. ಡಾರ್ಕ್‌ರೂಮಿನಲ್ಲಿ ಫೋಟೊ ತೊಳೆಯುತ್ತಿದ್ದವರೂ ಇದನ್ನೇ ಮಾಡುತ್ತಿದ್ದರು. ಇಡೀ ಚಿತ್ರವನ್ನು ಕುಗ್ಗಿಸಿ ಪಟ್ಟಿ ಮಾಡಿದರೆ ಉಪಯೋಗವಿಲ್ಲ, ಕೊನೆಯ ಪ್ರಿಂಟಿನ ಅಳತೆಯಲ್ಲೇ ಒಂದು ತುಂಡು ಕತ್ತರಿಸಿಕೊಳ್ಳಿ. ಆ ತುಂಡಿನಲ್ಲಿ ಅತಿ ಕಪ್ಪೂ ಇರಬೇಕು, ಅತಿ ಬೆಳಕೂ ಇರಬೇಕು. ನಾನು ಅಜ್ಜಿಯ ಕೆನ್ನೆಯಿಂದ ಶಾಲಿನ ತನಕ ಒಂದಿಂಚು ಅಗಲದ ಉದ್ದ ತುಂಡು ತೆಗೆದುಕೊಂಡೆ. ಅದನ್ನು ಐದು ಸಲ ನಕಲು ಮಾಡಿ ಎಕ್ಸ್‌ಪೋಷರನ್ನು 0, 0.2, 0.4, 0.6, 0.8 ಅಂತ ಏರಿಸಿ, ಪ್ರತಿಯೊಂದರ ಕೆಳಗೆ ಅಂಕಿ ಬರೆದು, ಎಲ್ಲವನ್ನೂ ಒಂದು 4×6 ಕಾಗದದ ಮೇಲೆ ಸಾಲಾಗಿ ಪ್ರಿಂಟ್ ಮಾಡಿದೆ.

ಹೊರಬಂದ ಕೂಡಲೇ ತೀರ್ಮಾನ ಮಾಡಬೇಡಿ. ಇಂಕ್ ಒಣಗುವಾಗ ಬಣ್ಣ ಸ್ವಲ್ಪ ಸರಿಯುತ್ತದೆ, ಕಾಲು ಗಂಟೆಯಾದರೂ ಕಾಯಿರಿ. ಆಮೇಲೆ ಫೋಟೊ ಎಲ್ಲಿ ನೇತುಹಾಕುತ್ತೀರೋ ಆ ಗೋಡೆಯ ಹತ್ತಿರವೇ ಹಿಡಿದು ನೋಡಿ, ಹಗಲಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ. ನನ್ನ ಪಟ್ಟಿಯಲ್ಲಿ 0.2ರ ತನಕ ಶಾಲು ಮುದ್ದೆಯೇ. 0.4ರಲ್ಲಿ ಹೆಗಲ ಮೇಲಿನ ದೊಡ್ಡ ಮಡಿಕೆ ಎರಡು ಕಂಡವು. 0.6ರಲ್ಲಿ ಎಲ್ಲ ಮಡಿಕೆಗಳೂ ಬಂದವು, ಆದರೆ ಕೆನ್ನೆಯ ಸುಕ್ಕು ಬೆಳಕಿನಲ್ಲಿ ಕರಗಿಹೋಯಿತು. ಆ ಸುಕ್ಕಿಲ್ಲದೆ ಅದು ಅಜ್ಜಿಯ ಮುಖವೇ ಅಲ್ಲ. ಒಟ್ಟಾರೆ ಬೆಳಕನ್ನು 0.4ಕ್ಕೆ ನಿಲ್ಲಿಸಿ, ಶ್ಯಾಡೋಸ್ ಸ್ಲೈಡರಿನಿಂದ ನೆರಳನ್ನಷ್ಟೇ ಬೇರೆಯಾಗಿ ಎತ್ತಿದೆ. ಎರಡನೇ ಪಟ್ಟಿಯಲ್ಲಿ ಶಾಲೂ ಕೆನ್ನೆಯೂ ಎರಡೂ ಸಿಕ್ಕವು. ಖರ್ಚಾದದ್ದು ಎರಡು ಚಿಕ್ಕ ಕಾಗದ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಳಕು, ಬಣ್ಣ, ಕಾಂಟ್ರಾಸ್ಟ್ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದು ಕೆಲಸ ಮಾಡಿತು ಅಂತ ಹೇಳಲಾಗುವುದಿಲ್ಲ. ಈ ಪ್ರಿಂಟಿಗೆ ಮಾಡಿದ ತಿದ್ದುಪಡಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಫೈಲ್ ಹಾಗೇ ಇರಲಿ. ಪಟ್ಟಿಗಳನ್ನೂ ಎಸೆಯಬೇಡಿ. ಹಿಂದೆ ಕಾಗದದ ಹೆಸರು, ಸೆಟ್ಟಿಂಗ್, ತಾರೀಖು ಬರೆದು ಒಂದು ಲಕೋಟೆಯಲ್ಲಿ ಹಾಕಿಡಿ. ವರ್ಷದ ಮೇಲೆ ತಂಗಿ ಅದೇ ಫೋಟೊ ಕೇಳಿದಾಗ ಆ ಲಕೋಟೆ ತೆಗೆದು ನೋಡಿ ಒಂದೇ ಏಟಿಗೆ ಪ್ರಿಂಟ್ ತೆಗೆದುಕೊಟ್ಟೆ.

ಬಣ್ಣದ ಲೆಕ್ಕ

ಬಣ್ಣವನ್ನು ಇಬ್ಬರು ತಿದ್ದಬಹುದು: ಫೋಟೊ ಸಾಫ್ಟ್‌ವೇರ್ ಇಲ್ಲವೇ ಪ್ರಿಂಟರ್. ಇಬ್ಬರೂ ತಿದ್ದಿದರೆ ಮುಖ ಕೆಂಪಡರುತ್ತದೆ, ಇಲ್ಲವೇ ವಿಚಿತ್ರ ಬಣ್ಣಕ್ಕೆ ತಿರುಗುತ್ತದೆ. ಕಾಗದದ ಕಂಪನಿ ನಿಮ್ಮ ಪ್ರಿಂಟರಿಗೆ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ಸಾಫ್ಟ್‌ವೇರಿಗೆ ತಿಳಿಸುವ ಫೈಲ್) ಕೊಟ್ಟಿದ್ದರೆ ಅದನ್ನು ಹಾಕಿಕೊಂಡು ಸಾಫ್ಟ್‌ವೇರಿಗೆ ಜವಾಬ್ದಾರಿ ಕೊಡಿ, ಪ್ರಿಂಟರಿನ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಆ ಪ್ರೊಫೈಲ್ ಹೊಂದುವುದು ಅದೇ ಪ್ರಿಂಟರ್, ಅದೇ ಇಂಕ್, ಅದೇ ಕಾಗದ ಮೂರೂ ಸೇರಿದಾಗ ಮಾತ್ರ. ಪ್ರೊಫೈಲ್ ಇಲ್ಲದಿದ್ದರೆ ಫೈಲನ್ನು ಎಸ್‌ಆರ್‌ಜಿಬಿಯಲ್ಲಿ (ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯಾಪ್ತಿ) ಉಳಿಸಿ ಪ್ರಿಂಟರಿಗೇ ಬಿಡಿ. ಅದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿಯಲ್ಲಿರುವ ಫೈಲನ್ನು ಪ್ರೊಫೈಲ್ ಓದದ ಸಾಫ್ಟ್‌ವೇರಿನಿಂದ ಪ್ರಿಂಟ್ ಮಾಡಿದರೆ ಬಣ್ಣವೆಲ್ಲ ಪೇಲವವಾಗಿ ಬರುತ್ತದೆ.

ಕಪ್ಪು ಬಿಳುಪು ಇನ್ನೂ ಸೂಕ್ಷ್ಮ. ನಾಲ್ಕು ಬಣ್ಣದ ಪ್ರಿಂಟರ್ ಬೂದಿಯನ್ನು ಬಣ್ಣ ಬೆರೆಸಿಯೇ ಮಾಡುವುದರಿಂದ ಹಸಿರು ಅಥವಾ ನೇರಳೆ ಛಾಯೆ ಇಣುಕುತ್ತದೆ. ನಾನು ಚಿತ್ರಕ್ಕೆ ಬೇಕೆಂದೇ ತುಸು ಕಂದು ಛಾಯೆ ಕೊಟ್ಟುಬಿಡುತ್ತೇನೆ, ಆಗ ಅದು ಎದ್ದು ಕಾಣುವುದಿಲ್ಲ.

ಒತ್ತುವ ಮುಂಚೆ, ಬಂದ ಮೇಲೆ

ದೊಡ್ಡ ಪ್ರಿಂಟಿಗೆ ಮುಂಚೆ ಸಾದಾ ಕಾಗದದ ಮೇಲೆ ನಾಝಲ್ ಚೆಕ್ (ಇಂಕ್ ಬಿಡುವ ರಂಧ್ರಗಳು ಕಟ್ಟಿವೆಯೇ ಅಂತ ತೋರಿಸುವ ಗೆರೆಗಳ ಪುಟ) ತೆಗೆಯಿರಿ. ಗೆರೆಗಳಲ್ಲಿ ಎಲ್ಲಾದರೂ ತುಂಡಾಗಿದ್ದರೆ ಒಂದು ಸಲ ಹೆಡ್ ಕ್ಲೀನಿಂಗ್ ಮಾಡಿ ಮತ್ತೆ ನೋಡಿ. ಸುಮ್ಮನೆ ನಾಲ್ಕೈದು ಸಲ ಮಾಡಿದರೆ ಇಂಕ್ ವ್ಯರ್ಥ. ವಾರಕ್ಕೊಂದಾದರೂ ಬಣ್ಣದ ಪುಟ ಪ್ರಿಂಟ್ ಮಾಡುತ್ತಿದ್ದರೆ ಹೆಡ್ ಒಣಗಿ ಕಟ್ಟಿಕೊಳ್ಳುವುದು ಕಡಿಮೆ. ಶಾರ್ಪನಿಂಗನ್ನು (ಚಿತ್ರದ ಗೆರೆ, ಅಂಚುಗಳನ್ನು ಚೂಪು ಮಾಡುವುದು) ಕೊನೆಯ ಅಳತೆಗೆ ತಂದ ಮೇಲೆ ಮಾಡಿ. ಮ್ಯಾಟ್‌ನಲ್ಲಿ ಇಂಕ್ ತುಸು ಹರಡುವುದರಿಂದ ಪರದೆಯಲ್ಲಿ ಕೊಂಚ ಜಾಸ್ತಿಯಾಯಿತು ಅನ್ನಿಸುವಷ್ಟು ಇರಲಿ.

ಬಂದ ಪ್ರಿಂಟನ್ನು ಒಂದರ ಮೇಲೊಂದು ಪೇರಿಸದೆ ಧೂಳಿಲ್ಲದ ಕಡೆ ಚಪ್ಪಟೆಯಾಗಿ ಒಂದು ದಿನ ಬಿಡಿ. ಮುಟ್ಟಿದರೆ ಒಣಗಿದಂತಿದ್ದರೂ ಇಂಕಿನ ದ್ರಾವಕ ಇನ್ನೂ ಆರುತ್ತಿರುತ್ತದೆ. ಬೇಗನೆ ಫ್ರೇಮಿಗೆ ಹಾಕಿದರೆ ಗಾಜಿನ ಒಳಬದಿಗೆ ಮಂಜು ಕಟ್ಟುತ್ತದೆ. ಗಾಜು ಪ್ರಿಂಟಿಗೆ ತಾಗಬಾರದು, ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ ಚೌಕಟ್ಟು ಕೊಟ್ಟರೆ ಸಾಕಷ್ಟು ಅಂತರ ಸಿಗುತ್ತದೆ. ನೇರ ಬಿಸಿಲು ಬೀಳದ ಗೋಡೆ ಆರಿಸಿ, ಅದರಲ್ಲೂ ಡೈ ಇಂಕ್ ಆದರೆ. ಅಜ್ಜಿಯ ಫೋಟೊ ಕಿಟಕಿಯ ಎದುರಿಗಿಲ್ಲ, ಕಿಟಕಿಯಿರುವ ಗೋಡೆಯಲ್ಲೇ, ಅದರ ಪಕ್ಕದಲ್ಲಿದೆ.