ಗ್ರಿಗೋರ್ಯೆವಾ ಕೃತಿಯನ್ನು ಶ್ರುತಿಪೆಟ್ಟಿಗೆಯಿಂದ ಕಲಿಸಿದ ನನ್ನ ಅನುಭವ

ಪಿಯಾನೊ ಮುಚ್ಚಿಟ್ಟು, ಶ್ರುತಿಪೆಟ್ಟಿಗೆಯೊಂದನ್ನೇ ನಂಬಿ ಗಲೀನಾ ಗ್ರಿಗೋರ್ಯೆವಾ ಅವರ ವೃಂದಗಾನ ಕೃತಿ ‘ನಾ ಇಸ್ಖೋದ್’ ಕಲಿಸುತ್ತೇನೆ ಎಂದಾಗ, ಎಸ್ಟೋನಿಯಾದ ತಾಲಿನ್‌ನ ನಮ್ಮ ಹವ್ಯಾಸಿ ಗಾಯಕವೃಂದದಲ್ಲಿ ಒಪ್ಪಿದವರು ಇಬ್ಬರೇ. 1962ರಲ್ಲಿ ಕ್ರಿಮಿಯಾದಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಓದಿ, ಎಸ್ಟೋನಿಯಾದಲ್ಲಿ ನೆಲೆಸಿರುವ ಈ ಸಂಯೋಜಕಿ, ಆರ್ಥೊಡಾಕ್ಸ್ ಕ್ರೈಸ್ತ ಸಂಪ್ರದಾಯದಲ್ಲಿ ಪ್ರಾಣ ಹೋಗುವ ಹೊತ್ತಿನಲ್ಲಿ ಓದುವ ಪ್ರಾರ್ಥನೆಗಳನ್ನು 1999ರ ಈ ಕೃತಿಗೆ ಆರಿಸಿಕೊಂಡಿದ್ದಾರೆ. ಎಸ್ಟೋನಿಯಾದವರೇ ಆದ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ಕಿರು ಪ್ರಾರ್ಥನಾಗೀತೆ ‘ಬೊಗೊರೋದಿತ್ಸೆ ದ್ಯೇವೊ’ ಒಂದೂವರೆ ನಿಮಿಷದಲ್ಲಿ ಮುಗಿದುಹೋಗುವುದರಿಂದ ಅದರಲ್ಲಿ ಕಾಣದ ನಮ್ಮ ದೋಷಗಳೆಲ್ಲ ಇಲ್ಲಿ ಬಯಲಾದವು.

ಮೊದಲ ವರ್ಷ ಪೂರ್ತಿ ಸೋತೆ. ಮಂದ್ರಸ್ಥಾಯಿ ಗಟ್ಟಿಯಾದರೆ ಸಾಕೆಂದು ಭಾವಿಸಿ ಹೊರಗಿನಿಂದ ಇಬ್ಬರು ಗಾಯಕರನ್ನು ಸುಮಾರು 600 ಯೂರೋ ಕೊಟ್ಟು ಕರೆಸಿದೆ; ಸಂಜೆಗೆ 40 ಯೂರೋದಂತೆ ಅಭ್ಯಾಸದ ಕೋಣೆಯ ಬಾಡಿಗೆಯೂ ಸೇರಿ ಖರ್ಚು 2,000 ದಾಟಿತು. ಆದರೂ ಕಛೇರಿಯ ಕೊನೆಯ ಹೊತ್ತಿಗೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಇಳಿದಿತ್ತು.

ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದಾಗ ಮೂಲ ತಿಳಿಯಿತು. ರಷ್ಯನ್ ಮನೆಮಾತಿನವರು ಒತ್ತಿ ಹೇಳದ ಒಕಾರವನ್ನು ಅಕಾರದತ್ತ ಎಳೆಯುತ್ತಾರೆ, ಆದರೆ ಈ ಪಠ್ಯದ ಭಾಷೆಯಾದ, ಸ್ಲಾವ್ ಚರ್ಚುಗಳ ಹಳೆಯ ಪ್ರಾರ್ಥನಾ ಭಾಷೆ ಚರ್ಚ್ ಸ್ಲಾವೊನಿಕ್‌ನಲ್ಲಿ ಅದು ಒಕಾರವಾಗಿಯೇ ನಿಲ್ಲಬೇಕು. ‘ಗೋಸ್ಪೊದಿ ಪೊಮೀಲುಯ್’ (ದೇವರೇ, ಕರುಣಿಸು) ಎನ್ನುವಲ್ಲಿ ಅರ್ಧ ಜನ ‘ಪೊ’ ಎಂದು, ಉಳಿದವರು ‘ಪ’ ಎಂದು ಹಾಡಿದರೆ ಒಂದೇ ಸ್ವರ ಎರಡಾಗಿ ಒಡೆಯುತ್ತದೆ. ನಾನು ಇಡೀ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ರಾಗವಿಲ್ಲದೆ, ಷಡ್ಜ ಪಂಚಮದ ಮೇಲೆ ಒಂದೇ ಸ್ವರದಲ್ಲಿ ಮೂರು ವಾರ ಓದಿಸಿದೆ.

ಇನ್ನು ಗಾಂಧಾರದ ಮಾತು. ಪಿಯಾನೊದ ಗಾಂಧಾರ ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಮೇಲಿರುತ್ತದೆ, ಕರ್ನಾಟಕ ಸಂಗೀತ ಕಲಿತ ನನ್ನ ಕಿವಿಗೆ ಅದು ಸದಾ ಚುಚ್ಚುತ್ತಿತ್ತು. ಒಂದು ಸಂಜೆ ಆಲ್ಟೊ ಗಾಯಕಿಯೊಬ್ಬರು ಕಣ್ಣು ಮುಚ್ಚಿ ಗಾಂಧಾರವನ್ನು ಕೂದಲೆಳೆಯಷ್ಟು ಇಳಿಸಿದರು; ಯಾರೂ ಹಾಡದ ತಾರಸ್ವರವೊಂದು ಕೋಣೆಯಲ್ಲಿ ಮೊಳಗಿತು. ಅನುಮಾನಿಸಿದವರು ಅಂದಿನಿಂದ ವಾದಿಸಲಿಲ್ಲ.

ಸರ್ಬಿಯಾದ ಸಂಯೋಜಕ ಮೊಕ್ರಾನ್ಯಾತ್ಸ್ 1908ರಲ್ಲಿ ಪ್ರಕಟಿಸಿದ, ಎಂಟು ಧಾಟಿಗಳ ಚರ್ಚ್ ಗೀತಸಂಗ್ರಹ ‘ಓಸ್ಮೋಗ್ಲಾಸ್ನಿಕ್’ನ ಸರ್ಬಿಯನ್ ಧಾಟಿಗಳನ್ನೂ ಇದೇ ಶ್ರುತಿಯ ಮೇಲೆ ಹಾಡಿಸಿ ನೋಡಿದೆ, ಚೆನ್ನಾಗಿ ಕೂತವು. ರಷ್ಯದ ಹಳೆಯ ಏಕಧ್ವನಿ ಚರ್ಚ್ ಗಾಯನವಾದ ಜ್ನಾಮೆನ್ನಿ ಧಾಟಿಗೆ ಮಾತ್ರ ಆಧಾರಶ್ರುತಿ ಹೊರೆಯೆನಿಸಿತು, ಕೈಬಿಟ್ಟೆ.

ಮಂದ್ರದವರು ಯಾವ ಅಕ್ಷರದ ಮರೆಯಲ್ಲಿ ಸರದಿಯಂತೆ ಉಸಿರು ತೆಗೆಯಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ವೃಂದದ ಸ್ವತ್ತು. ಕಳೆದ ಚಳಿಗಾಲದ ಕಛೇರಿಗೆ ಹೊರಗಿನ ಗಾಯಕರು ಯಾರೂ ಬೇಕಾಗಲಿಲ್ಲ, ಒಟ್ಟು ಖರ್ಚು 300 ಯೂರೋ ಆಗಿರಬಹುದು. ಕೊನೆಯ ಸ್ವರ ಕಲ್ಲಿನ ಗೋಡೆಗಳಲ್ಲಿ ಇನ್ನೂ ಅನುರಣಿಸುತ್ತಿದ್ದಾಗಲೇ ಶ್ರುತಿಪೆಟ್ಟಿಗೆಯನ್ನು ಕಿವಿಗಿಟ್ಟು ನೋಡಿದೆ. ಇಳಿದದ್ದು ಹೆಚ್ಚೆಂದರೆ ಐದಾರು ಸೆಂಟ್.